25 ಗಿಲ್ಡರ್ ನೋಟು ಮತ್ತು ನಮ್ಮ ಸಂಗೀತದ ಮಾಸ್ಟ್ರು

ನಮ್ಮ ಸಂಗೀತದ ಮಾಸ್ಟ್ರು ತೀರಿಕೊಂಡರು ಅಂತ ಗೊತ್ತಾದ ರಾತ್ರಿ ಅಟ್ಟ ಹತ್ತಿ ಹಳೆಯ ಟ್ರಂಕಿನಲ್ಲಿ ಒಂದು ಪುಸ್ತಕ ಹುಡುಕಿದೆ. ಸಿಕ್ಕಿತು. ಅಂಚನ್ನು ಗೆದ್ದಲು ತಿಂದಿದೆ. ಒಳಗೆ ನಾನು ಬರೆದುಕೊಂಡ ಸ್ವರಗಳು ಹಾಗೇ ಇವೆ.

ಎಂಟನೇ ಕ್ಲಾಸಿನ ಪಾಠ ಒಂದೂ ಈಗ ತಲೆಯಲ್ಲಿಲ್ಲ. ಮಂಗಳೂರಿನ ಮಳೆ, ಪ್ರಾರ್ಥನೆಯ ಹಾಲ್‌ನಲ್ಲಿದ್ದ ಕಾಲಲ್ಲಿ ತುಳಿಯುವ ಹಾರ್ಮೋನಿಯಂ, ಅದರ ಮುಂದೆ ಕೂತ ಮಾಸ್ಟ್ರು. ಇಷ್ಟು ಮಾತ್ರ ನೆನಪಿದೆ. ಅವರ ಹಾಡಿನ ಪುಸ್ತಕದೊಳಗೆ ಒಂದು ಕೆಂಪು ನೋಟು ಇರುತ್ತಿತ್ತು. ನೆದರ್‌ಲೆಂಡ್ಸ್‌ನ 25 ಗಿಲ್ಡರ್, 1971ರದು. "ಇವರು ರಾಜ ಅಲ್ಲ, ಮಂತ್ರಿಯೂ ಅಲ್ಲ. ಚರ್ಚಿನಲ್ಲಿ ಆರ್ಗನ್ ನುಡಿಸ್ತಿದ್ದ ಮಾಸ್ಟ್ರು ಮಾರಾಯ. ನೋಟಿನ ಮೇಲೆ ಹಾಕಿದ್ದಾರೆ ನೋಡು!" ಅನ್ನುತ್ತಿದ್ದರು. ಹಾಗನ್ನುವಾಗ ಅವರ ಮುಖ ನೋಡಬೇಕಿತ್ತು.

ನೋಟಿನ ಮೇಲಿದ್ದ ಆ ಮಾಸ್ಟ್ರ ಹೆಸರು ಯಾನ್ ಪೀಟರ್ಸ್‌ಜೋನ್ ಸ್ವೇಲಿಂಕ್. 1562ರಲ್ಲಿ ಡೆವೆಂಟರ್ ಎಂಬ ಊರಲ್ಲಿ ಹುಟ್ಟಿದವರು. ಅಪ್ಪ ಆಂಸ್ಟರ್‌ಡ್ಯಾಮಿನ ಔಡೆ ಕೆರ್ಕ್, ಅಂದರೆ ಹಳೇ ಚರ್ಚಿನಲ್ಲಿ ಆರ್ಗನ್ ನುಡಿಸುತ್ತಿದ್ದರು. 1573ರಲ್ಲಿ ಅಪ್ಪ ಹೋದರು. ಮಗ ಇನ್ನೂ ಮೀಸೆ ಬರುವ ಮೊದಲೇ ಅದೇ ಜಾಗಕ್ಕೆ ಬಂದು ಕೂತ. ಆಮೇಲೆ 1621ರಲ್ಲಿ ಸಾಯುವವರೆಗೂ ಆ ಜಾಗ ಬಿಡಲಿಲ್ಲ.

1578ರಲ್ಲಿ ಆಂಸ್ಟರ್‌ಡ್ಯಾಮ್ ಕ್ಯಾಲ್ವಿನ್ ಪಂಥದ ಪ್ರೊಟೆಸ್ಟಂಟರ ಕೈಗೆ ಬಂತು. ಆರಾಧನೆಯ ಹೊತ್ತಿನಲ್ಲಿ ಆರ್ಗನ್ ಬೇಡ ಎಂದರು ಅವರು. ಕೆಲಸ ಹೋಗಬೇಕಿತ್ತು, ಅಲ್ವಾ? ಹೋಗಲಿಲ್ಲ. ಸಂಬಳ ಕೊಡುತ್ತಿದ್ದುದು ನಗರ. ಹಾಗಾಗಿ ಸ್ವೇಲಿಂಕ್ ಆರಾಧನೆಗೆ ಮೊದಲು, ಆಮೇಲೆ, ಊರಿನವರಿಗಾಗಿ ನುಡಿಸಿದರು. ವ್ಯಾಪಾರಿಗಳು, ದಾರಿಹೋಕರು ನಿಂತು ಕೇಳಿದರು. ಈ ಭಾಗ ಹೇಳುವಾಗ ನಮ್ಮ ಮಾಸ್ಟ್ರು ಪೆಡಲ್ ತುಳಿಯುವುದನ್ನೇ ಮರೆತುಬಿಡುತ್ತಿದ್ದರು.

ಈಗ ನನ್ನ ತಪ್ಪಿನ ವಿಷಯ. ಒಂದು ದಿನ ನಾನು ಎರಡು ಕೀಗಳ ನಡುವೆ ಹುಣಸೆ ಬೀಜ ಸಿಕ್ಕಿಸಿಟ್ಟೆ. ಒಂದು ಕೀ ಒತ್ತಿಕೊಂಡೇ ಉಳಿಯಿತು. ಮಾಸ್ಟ್ರು ಬಂದು ತುಳಿದ ಕೂಡಲೇ ಆ ಒಂದೇ ಸ್ವರ ಹೊರಟಿತು, ನಿಲ್ಲಲಿಲ್ಲ. ಕ್ಲಾಸಿಗೆ ಕ್ಲಾಸೇ ಉಸಿರು ಬಿಗಿಹಿಡಿಯಿತು. ಅವರು ಒಂದು ಕ್ಷಣ ತಲೆ ವಾಲಿಸಿ ಕೇಳಿದರು. ಬೀಜ ತೆಗೆಯಲಿಲ್ಲ. ಆ ಸ್ವರವನ್ನೇ ತಂಬೂರಿಯ ಶ್ರುತಿಯ ಹಾಗೆ ಹಿಡಿದುಕೊಂಡು ಅದರ ಮೇಲೆ ನುಡಿಸುತ್ತಾ ಹೋದರು. ಎಷ್ಟು ಹೊತ್ತು ನುಡಿಸಿದರೋ! ಹೊರಗೆ ಮಳೆ, ಒಳಗೆ ಅದು. ಅಂಥ ಸಂಗೀತ ನಾನು ಆಮೇಲೆ ದೊಡ್ಡ ಸಭಾಂಗಣಗಳಲ್ಲೂ ಕೇಳಿಲ್ಲ.

ಮುಗಿದ ಮೇಲೆ ಬೀಜ ತೆಗೆದು ನನ್ನ ಅಂಗೈಗೆ ಹಾಕಿದರು. ನಾನೇ ಅಂತ ಹೇಗೆ ಗೊತ್ತಾಯಿತೋ. ಹೊಡೆಯಲಿಲ್ಲ. ಸ್ವೇಲಿಂಕ್‌ನ 'ನನ್ನ ಎಳೆಯ ಬದುಕು ಮುಗಿಯಿತು' ಎಂಬ ಹಾಡಿನ ಆರು ರೂಪಗಳನ್ನು ಕೈಯಲ್ಲೇ ಬರೆದು ತರಬೇಕು, ಇದೇ ಶಿಕ್ಷೆ ಎಂದರು.

ಹನ್ನೊಂದು ರಾತ್ರಿ ಬರೆದೆ. ಯಾಕೆ ಈ ಶಿಕ್ಷೆ ಅಂತ ಆಮೇಲೆ ಅರ್ಥವಾಯಿತು. ಸ್ವೇಲಿಂಕ್ ಬೈಬಲಿನ 150 ಕೀರ್ತನೆಗಳಿಗೂ ಸಂಗೀತ ಕಟ್ಟಿದರು, ಅವು ಅಚ್ಚಾದವು. ಆದರೆ ಆರ್ಗನ್‌ಗೆ ಕಟ್ಟಿದ್ದು ಅವರು ಬದುಕಿದ್ದಾಗ ಅಚ್ಚಾಗಲೇ ಇಲ್ಲ. ಶಿಷ್ಯರೂ ಇತರರೂ ಕೈಯಲ್ಲಿ ಬರೆದುಕೊಂಡಿದ್ದರಿಂದ ಅದು ನಮಗೆ ಸಿಕ್ಕಿದೆ. ಶೈಟ್, ಶೈಡೆಮನ್, ಯಾಕೋಬ್ ಪ್ರೆಟೋರಿಯಸ್, ಇವರೆಲ್ಲ ಜರ್ಮನಿಯಿಂದ ಬಂದು ಅವರ ಹತ್ತಿರ ಕಲಿತರು. 1614ರಲ್ಲಿ ಶೈಡೆಮನ್ ಹೊರಟಾಗ ಗುರುವೇ ಅವನ ಗೌರವಕ್ಕೆ ಒಂದು ಪುಟ್ಟ ಕ್ಯಾನನ್, ಅಂದರೆ ಒಂದೇ ರಾಗವನ್ನು ಒಬ್ಬರ ಹಿಂದೆ ಒಬ್ಬರು ಎತ್ತಿಕೊಳ್ಳುವ ಹಾಡು, ಬರೆದುಕೊಟ್ಟರು. ಶೈಡೆಮನ್‌ನ ಶಿಷ್ಯ ರೈಂಕೆನ್. ಆ ರೈಂಕೆನ್ ಮುದುಕನಾದಾಗ, 1720ರಲ್ಲಿ, ಹ್ಯಾಂಬರ್ಗ್‌ನಲ್ಲಿ ಅವರೆದುರು ಕೂತು ನುಡಿಸಿದವರು ಜರ್ಮನಿಯ ದೊಡ್ಡ ಸಂಗೀತಗಾರ ಬಾಖ್.

ಈಗ ಎಷ್ಟೋ ಶಾಲೆಗಳಲ್ಲಿ ಸಂಗೀತದ ಪೀರಿಯಡ್ ಗಣಿತದ ಕೋಚಿಂಗ್‌ಗೆ ಹೋಗಿದೆ. ಇದ್ದ ಕಡೆಯೂ ಮಕ್ಕಳು ಬೋರ್ಡಿನ ಫೋಟೋ ತೆಗೆದುಕೊಂಡು ಎದ್ದುಬಿಡುತ್ತಾರೆ. ನನಗೆ ಇದು ಸಂಕಟದ ವಿಷಯ. ನಮ್ಮ ಬ್ಯಾಚಿನಲ್ಲಿ ಇವತ್ತಿಗೂ ಐದು ಗೆರೆಯ ಸ್ವರಲಿಪಿ ತಡವರಿಸದೆ ಓದುವವನು ನಾನೊಬ್ಬನೇ. ಇಪ್ಪತ್ತು ವರ್ಷ ಭಾನುವಾರ ತಪ್ಪದೆ ಚರ್ಚಿನಲ್ಲಿ ನುಡಿಸಿದ್ದೇನೆ. ಆ ಹನ್ನೊಂದು ರಾತ್ರಿ ಇಲ್ಲದಿದ್ದರೆ ಇದು ಆಗುತ್ತಿರಲಿಲ್ಲ.

ಒಮ್ಮೆ ಆಂಸ್ಟರ್‌ಡ್ಯಾಮಿಗೆ ಹೋದಾಗ ಔಡೆ ಕೆರ್ಕ್ ಹುಡುಕಿಕೊಂಡು ಹೋದೆ. ನೆಲವೆಲ್ಲ ಸಮಾಧಿಯ ಕಲ್ಲುಗಳು, ಮೇಲೆ ಮರದ ಮಾಳಿಗೆ. ಈಗಿರುವ ದೊಡ್ಡ ಆರ್ಗನ್ ಸ್ವೇಲಿಂಕ್ ಕಾಲದ್ದಲ್ಲ, 1726ರದು. ಆದರೂ ಅವರನ್ನು ಮಣ್ಣು ಮಾಡಿದ್ದು ಅದೇ ಚರ್ಚಿನಲ್ಲಿ. ಅಲ್ಲಿಂದಲೇ ಮಾಸ್ಟ್ರಿಗೆ ಫೋನ್ ಮಾಡಿದೆ. ಆ ಕಡೆಯಿಂದ ತುಂಬಾ ಹೊತ್ತು ಮಾತೇ ಇಲ್ಲ. ಆಮೇಲೆ ಕೇಳಿದರು, "ನಾಲ್ಕನೇದರಲ್ಲಿ ನೀನು ಶಾರ್ಪ್ ಬಿಟ್ಟಿದ್ದೆ, ಸರಿ ಮಾಡಿಕೊಂಡ್ಯಾ ಮಾರಾಯ?"

ಪುಸ್ತಕ ಈಗ ನನ್ನ ಮುಂದೆ ತೆರೆದಿದೆ. ನಾಲ್ಕನೇ ರೂಪದ ಎರಡನೇ ಸಾಲಿನಲ್ಲಿ, ಅವರದೇ ಕೈಯಲ್ಲಿ, ಕೆಂಪು ಶಾಯಿಯ ಆ ಶಾರ್ಪ್, ಸ್ವರವನ್ನು ಅರ್ಧ ಮೆಟ್ಟಿಲು ಏರಿಸುವ ಆ ಗುರುತು, ಇದೆ.