ರಾಜಧಾನಿ ಹುಡುಕಿಕೊಂಡು ಹಳೇಬೀಡಿಗೆ

17 ನವೆಂಬರ್ 2024, ಭಾನುವಾರ
ಹಾಸನ

ಅಂಗಾಲು ಇನ್ನೂ ಉರಿಯುತ್ತಿದೆ. ಸಾಕ್ಸ್ ಇಟ್ಟುಕೊಳ್ಳಬೇಕು ಅಂತ ನಿನ್ನೆ ರಾತ್ರಿಯೇ ಅಂದುಕೊಂಡಿದ್ದೆ, ಬೆಳಿಗ್ಗೆ ಮರೆತೆ. ನಡು ಮಧ್ಯಾಹ್ನ ಹಳೇಬೀಡಿನ ಹೊಯ್ಸಳೇಶ್ವರ ದೇವಸ್ಥಾನದ ಜಗತಿ (ಗುಡಿ ನಿಂತಿರುವ ಕಲ್ಲುಕಟ್ಟೆ) ಮೇಲೆ ಬರಿಗಾಲಲ್ಲಿ ನಿಂತವರಿಗೆ ಗೊತ್ತು, ಅದು ಜಗತಿ ಅಲ್ಲ, ಕಾದ ಕಾವಲಿ.

ಹಾಸನದಲ್ಲೇ ಹುಟ್ಟಿ ಬೆಳೆದವನು ನಾನು. ಹಳೇಬೀಡು ಇಲ್ಲಿಂದ ಸುಮಾರು 30 ಕಿಲೋಮೀಟರ್. ಹೋಗಿದ್ದು ಎರಡೇ ಸಲ. ಒಮ್ಮೆ ಸ್ಕೂಲ್ ಟೂರು, ಒಮ್ಮೆ ಬೆಂಗಳೂರಿನ ನೆಂಟರ ಜೊತೆ. ಎರಡು ಸಲವೂ ಬೇಲೂರು ಮುಗಿಸಿ ಸುಸ್ತಾಗಿ ಬಂದು, ಅರ್ಧ ಗಂಟೆ ಸುತ್ತಿ ವಾಪಸ್. ಈ ಸಲ ಬೇಲೂರು ಬೇಡವೇ ಬೇಡ ಅಂತ ಹಟ ಹಿಡಿದದ್ದು ಗೆಳೆಯ ಮೇಷ್ಟ್ರು. ಹೈಸ್ಕೂಲಲ್ಲಿ ಸಮಾಜ ಪಾಠ ಮಾಡುತ್ತಾನೆ, ಹಾಗಾಗಿ ನಮಗೂ ಮೇಷ್ಟ್ರೇ. ಜೊತೆಗೆ ಬಂದ ಇನ್ನೊಬ್ಬ ಗೆಳೆಯ ಲೇತ್. ಇಂಡಸ್ಟ್ರಿಯಲ್ ಏರಿಯಾದಲ್ಲಿ 14 ವರ್ಷದಿಂದ ಲೇತ್ ಮಿಷನ್ ಮುಂದೆ ನಿಂತವನು.

"ಇಷ್ಟು ಹತ್ತಿರ ಇದ್ದುಕೊಂಡು ರಾಜಧಾನಿ ನೋಡಿಲ್ಲ ನೀವು" ಅಂದ ಮೇಷ್ಟ್ರು ಬಸ್ಸಲ್ಲಿ.

"ದೇವಸ್ಥಾನ ನೋಡಿದ್ದೀನಲ್ಲ?"

"ದೇವಸ್ಥಾನ ಸರಿ. ಊರೆಲ್ಲಿ?"

ನಿಜ, ಊರೆಲ್ಲಿ? ಬಸ್ ಇಳಿದರೆ ಎಳನೀರು ಗಾಡಿ, ಟೋಪಿ ಮಾರುವವರು, ಎದುರಿಗೆ ಕಾಂಪೌಂಡು. ಇದೇ ದೋರಸಮುದ್ರ. ಹೊಯ್ಸಳರು ಹದಿನಾಲ್ಕನೇ ಶತಮಾನದವರೆಗೂ ಆಳಿದ ಜಾಗ. ಬೀಡು ಅಂದರೆ ದಂಡು ಇಳಿಯುವ ನೆಲೆ, ರಾಜ ಇರುವ ಜಾಗ. ಅವನು ಹೋದ ಮೇಲೆ ಉಳಿದದ್ದು ಹಳೇಬೀಡು. ಹೆಸರಲ್ಲೇ ಖಾಲಿಯಾದ ಮನೆ ಇದೆ.

ಒಳಗೆ ಹೋಗುತ್ತಲೇ ಲೇತ್ ಮಾಯ. ಮೇಷ್ಟ್ರು ಪಾಠ ಶುರು ಮಾಡಿದ್ದ: ವಿಷ್ಣುವರ್ಧನನ ಕಾಲ, 1121ರ ಸುಮಾರು, ಅಧಿಕಾರಿ ಕೇತಮಲ್ಲ ಕಟ್ಟಿಸಿದ್ದು, ಎರಡು ಗರ್ಭಗುಡಿ, ಒಂದು ಹೊಯ್ಸಳೇಶ್ವರ, ಇನ್ನೊಂದು ರಾಣಿ ಶಾಂತಲೆಯ ಹೆಸರಿನ ಶಾಂತಲೇಶ್ವರ. ನಾನು ಹೂಂಗುಟ್ಟುತ್ತಾ ಹುಡುಕಿದರೆ, ಲೇತ್ ಒಳಗೆ ಒಂದು ಕಂಬದ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದ. ಕಂಬದ ಸುತ್ತ ಬಳೆ ಪೇರಿಸಿದ ಹಾಗೆ ಗೆರೆಗಳು. ಮುಟ್ಟಬೇಡ ಅಂದೆ. ಮುಟ್ಟಲಿಲ್ಲ, ಬೆರಳನ್ನು ಅರ್ಧ ಇಂಚು ದೂರದಲ್ಲೇ ಗೆರೆಯುದ್ದಕ್ಕೂ ಆಡಿಸಿದ.

"ಇದು ತಿರುಗಿಸಿ ಕಡೆದಿರೋದು ಕಣೋ. ಉಳೀಲಿ ಕೆತ್ತಿದ್ರೆ ಹಿಂಗೆ ಬರಲ್ಲ. ಇಷ್ಟು ತೂಕದ್ದನ್ನ ತಿರುಗಿಸಿದವರು ಯಾರು? ನಮ್ಮಲ್ಲಿ ಮೋಟರ್ ಇದ್ದೂ ಒಂದೊಂದ್ಸಲ ಸೆಂಟರ್ ಸಿಗಲ್ಲ."

ಅದು ಬಳಪದ ಕಲ್ಲು, ಗಣಿಯಿಂದ ತೆಗೆದಾಗ ಮೆದು, ಬರಬರುತ್ತಾ ಗಟ್ಟಿಯಾಗುತ್ತದೆ ಅಂದ ಮೇಷ್ಟ್ರು. ಲೇತ್‌ಗೆ ಅದು ಸಾಲಲಿಲ್ಲ. "ಮೆದು ಇದ್ರೆ ಇನ್ನೂ ಕಷ್ಟ, ಚಕ್ಕೆ ಏಳುತ್ತೆ" ಅಂತ ಗೊಣಗಿದ.

ಹೊರಗೆ ಬಂದ ಮೇಲೆ ಆನೆ ಪಂದ್ಯ. ಗೋಡೆಯ ಬುಡದಲ್ಲಿ ಸಾಲು ಸಾಲು ಪಟ್ಟಿಗಳು: ಕೆಳಗೆ ಆನೆ, ಮೇಲೆ ಸಿಂಹ, ಬಳ್ಳಿ, ಕುದುರೆ, ರಾಮಾಯಣ ಮಹಾಭಾರತದ ಕಥೆ, ಮಕರ, ಹಂಸ. ಒಂದು ಆನೆ ಇದ್ದ ಹಾಗೆ ಇನ್ನೊಂದಿಲ್ಲ ಅಂತ ಎಲ್ಲರೂ ಹೇಳುತ್ತಾರಲ್ಲ, ಒಂದೇ ಥರದ ಎರಡು ತೋರಿಸಿದವರಿಗೆ ಮಸಾಲೆದೋಸೆ ಅಂದೆ. ಅಲ್ಲಿಗೆ ಅಂಗಾಲಿನ ಕಥೆ ಮುಗಿಯಿತು. ಬಿಸಿಲಲ್ಲಿ ಒಂದು ಗಂಟೆ ಬಗ್ಗಿ ಬಗ್ಗಿ ಆನೆ ನೋಡಿದೆವು.

ಹಾಗೆ ಬಗ್ಗಿದ್ದಕ್ಕೇ ಬೇರೆ ಕೆಲವೂ ಕಂಡವು. ತುರುಬು ಕಟ್ಟಿದ ರೀತಿ, ಮದ್ದಳೆ ಬಾರಿಸುವವನ ಬೆರಳು, ಒಂದು ಸರದ ಮಣಿ ಮಣಿಯ ಮಧ್ಯೆ ಸೂಜಿ ತೂರುವಷ್ಟು ಸಂದು. ಈ ಸರ ಹಾಕಿಕೊಂಡವರು ಎಲ್ಲೋ ವಾಸ ಇದ್ದರು ತಾನೆ? ಅವರ ಮನೆ ಮರ, ಮಣ್ಣಿನದು ಇದ್ದಿರಬೇಕು, ಅದಕ್ಕೇ ಉಳಿದಿಲ್ಲ ಅನ್ನೋದು ಮೇಷ್ಟ್ರ ಲೆಕ್ಕ.

ಜನ ನಿಲ್ಲದೇ ದಾಟಿಹೋಗುವ ಒಂದು ಕಂಬ ಹೊರಗಿದೆ, ಗರುಡಗಂಬ (ರಾಜನಿಗಾಗಿ ಪ್ರಾಣ ಕೊಡುವ ಅಂಗರಕ್ಷಕರಿಗೆ ಗರುಡರು ಅಂತ ಹೆಸರು). ನನಗೆ ಇಡೀ ದಿನದಲ್ಲಿ ತಲೆಯಲ್ಲಿ ಕೂತದ್ದು ಅದೇ. ಹೊಯ್ಸಳ ರಾಜ ಇಮ್ಮಡಿ ಬಲ್ಲಾಳ 1220ರಲ್ಲಿ ತೀರಿಕೊಂಡ. ಅವನ ಜೀವಕ್ಕೆ ಜೀವ ಕೊಡುತ್ತೇನೆ ಅಂತ ಭಾಷೆ ಕೊಟ್ಟಿದ್ದ ಕುವರಲಕ್ಷ್ಮ, ಹೆಂಡತಿ ಸುಗ್ಗಲದೇವಿ ಮತ್ತು ಸಂಗಡಿಗರ ಜೊತೆ ಪ್ರಾಣ ಬಿಟ್ಟ. ಕಂಬದ ಮೇಲೆ ಕತ್ತಿ ಹಿಡಿದು ತಮ್ಮ ಮೈಯನ್ನು ತಾವೇ ಕಡಿದುಕೊಳ್ಳುವ ಮಂದಿ. ಒಬ್ಬರ ಮುಖದಲ್ಲೂ ನೋವಿಲ್ಲ. ಇದನ್ನು ವೀರ ಅಂತ ಹೊಗಳಲು ನನಗೆ ಬಾಯಿ ಬರಲಿಲ್ಲ. ಸುಗ್ಗಲದೇವಿಯನ್ನು ಯಾರಾದರೂ ಕೇಳಿದ್ದರೇ?

ಮಧ್ಯಾಹ್ನ ನಮ್ಮಮ್ಮ ಕಟ್ಟಿಕೊಟ್ಟ ಅಕ್ಕಿರೊಟ್ಟಿ, ಹುಚ್ಚೆಳ್ಳು ಚಟ್ನಿ. ಕೆರೆ ಕಾಣುವ ಕಡೆ ಕೂತು ತಿಂದೆವು. ದೆಹಲಿ ಸುಲ್ತಾನನ ಸೇನಾಪತಿ ಮಲಿಕ್ ಕಾಫರ್ ದಂಡು ಇಲ್ಲಿಗೆ ಬಂದದ್ದು 1311ರಲ್ಲಿ. ಇಲ್ಲಿನ ರಾಜ ಮುಮ್ಮಡಿ ಬಲ್ಲಾಳ ಆಗ ತಮಿಳುನಾಡಿನ ಪಾಂಡ್ಯರ ಜಗಳದಲ್ಲಿ ಕೈಹಾಕಲು ಹೋಗಿದ್ದ. "ಪಕ್ಕದ ಮನೆ ಜಗಳ ಬಿಡಿಸೋಕೆ ಹೋದ್ರೆ ಹಂಗೇ" ಅಂದ ಲೇತ್, ರೊಟ್ಟಿ ಮುರಿಯುತ್ತಾ. ಓಡಿ ಬಂದ ರಾಜ ಬೊಕ್ಕಸ ಕೊಟ್ಟು ರಾಜಿಯಾದ. ಮುಂದೆ ತುಘಲಕ್‌ನ ಸೈನ್ಯವೂ ಬಂತು. ಆಮೇಲೆ ಊರು ಏಳಲಿಲ್ಲ.

ಊಟ ಆದ ಮೇಲೆ ಪಕ್ಕದಲ್ಲೇ ಜೈನ ಬಸದಿಗಳಿರುವ ಬಸದಿಹಳ್ಳಿಗೆ ನಡೆದೆವು. ಗುಂಪೆಲ್ಲ ಹಿಂದೆಯೇ ಉಳಿಯಿತು. ಪಾರ್ಶ್ವನಾಥ ಬಸದಿಯ ಕಂಬಗಳಿಗೆ ಎಂಥ ನಯ ಅಂದರೆ, ಕಾವಲಿನವರು ಟಾರ್ಚ್ ಹಿಡಿದಾಗ ಲೇತ್‌ನ ಮುಖ ಕಂಬದೊಳಗೆ ಕಾಣಿಸಿತು. ಅವನು ಮೀಸೆ ಸರಿಮಾಡಿಕೊಂಡ. ಕೇದಾರೇಶ್ವರ ದೇವಸ್ಥಾನವನ್ನೂ ನೋಡಿದೆವು, ಚೆನ್ನಾಗಿದೆ, ಆದರೆ ಆಗಲೇ ಕಾಲು ಸತ್ತಿತ್ತು.

ವಾಪಸ್ ಬರುವಾಗ ದಾರಿಯಲ್ಲಿ ಹುಲ್ಲು ಹೊರೆ ಹೊತ್ತ ಅಜ್ಜ ಒಬ್ಬರು ಸಿಕ್ಕರು. ಮೇಷ್ಟ್ರು ಬಿಡಬೇಕಲ್ಲ.

"ಯಜಮಾನ್ರೇ, ಅರಮನೆ ಎಲ್ಲಿತ್ತಂತೆ?"

ಅವರು ನಿಂತು, ಹೊರೆ ಹೊತ್ತೇ ಗದ್ದ ಎತ್ತಿ ಬೆಣ್ಣೆಗುಡ್ಡದ ಕಡೆ ತೋರಿಸಿದರು. "ಅಲ್ಲೇ ಅಂತಾರಪ್ಪ. ಈಗ ಹೋಗಿ ಏನ್ ಮಾಡ್ತೀರಿ, ಕತ್ಲಾಯ್ತು. ಕಡೇ ಬಸ್ ತಪ್ಪುತ್ತೆ."

ಬಸ್ ತಪ್ಪಲಿಲ್ಲ. ಸೀಟ್ ಮಾತ್ರ ಸಿಗಲಿಲ್ಲ.

ಈಗ ರಾತ್ರಿ ಹತ್ತೂವರೆ. ಲೇತ್ ವಾಟ್ಸಾಪಲ್ಲಿ ಎರಡು ಫೋಟೊ ಕಳಿಸಿದ್ದಾನೆ, "ದೋಸೆ ರೆಡಿ ಮಾಡು" ಅಂತ. ದೊಡ್ಡದು ಮಾಡಿ ನೋಡಿದೆ. ಒಂದು ಆನೆಯ ಸೊಂಡಿಲು ಒಳಕ್ಕೆ ಸುತ್ತಿದೆ, ಇನ್ನೊಂದರದ್ದು ಹೊರಕ್ಕೆ.