ಬೀಗ ಇನ್ನೂ ಬ್ಯಾಗಿನಲ್ಲಿದೆ

17 ಅಕ್ಟೋಬರ್ 2025, ಶುಕ್ರವಾರ
ರಾತ್ರಿ ಹತ್ತೂವರೆ

ಬ್ಯಾಗಿನಲ್ಲಿ ಒಂದು ಬೀಗ ಇದೆ. ಹೊಸದು. ಎಣ್ಣೆ ವಾಸನೆ ಇನ್ನೂ ಹೋಗಿಲ್ಲ. ಉತ್ತರ ಪತ್ರಿಕೆಗಳ ಕಟ್ಟಿನ ಮೇಲೆ ಇಟ್ಟುಕೊಂಡು ಬಂದದ್ದಕ್ಕೆ ಮೇಲಿನ ಪತ್ರಿಕೆಗೆ ಗುಂಡಗೆ ಒಂದು ಕಲೆ ಬಿದ್ದಿದೆ. ಯಾರದೋ, ಪಾಪ. ಇವತ್ತು ತಿದ್ದಿ ಮುಗಿಸಬೇಕಿತ್ತು. ಆಗುವುದಿಲ್ಲ.

ಬೀಗ ಮಕ್ಕಳದ್ದು. ತಾವೇ ದುಡ್ಡು ಸೇರಿಸಿ ತಂದಿದ್ದಾರೆ. ತೋಟಕ್ಕೆ.

ನಮ್ಮ ಶಾಲೆಯ ಮಕ್ಕಳು ಬೆಳೆಸುತ್ತಿರುವ ತರಕಾರಿ ತೋಟ ಇದು. ಅದರ ಕಥೆ ಹಿಂದೆಯೇ ಬರೆದಿದ್ದೇನೆ, ಮತ್ತೆ ಹೇಳುವುದಿಲ್ಲ. ಅದೇ ಏಳು ಮಡಿ, ಅದೇ ತೂತು ಬಿದ್ದ ಪೈಪು, ಅದೇ ಸೋರುವ ನಲ್ಲಿ. ಹೊಸ ವಿಷಯ ಅಂದರೆ ಮೂರನೇ ಮಡಿಯ ಬಳ್ಳಿ ಬೀನ್ಸ್‌ನ ಕಾಯಿ ಯಾರೋ ಕಿತ್ತುಕೊಂಡು ಹೋಗುತ್ತಿದ್ದಾರೆ.

ಕಂಡುಹಿಡಿದವನು ನಮ್ಮ ಲೆಕ್ಕಿಗ, ಎಲ್ಲವನ್ನೂ ಎಣಿಸಿ ಬರೆದಿಡುವ ಹುಡುಗ. ಇನ್ಯಾರು! ಜುಲೈ 26ರ ಶನಿವಾರ ಬೀಜ ಊರಿದ ದಿನದಿಂದ ಅವನ ಹತ್ತಿರ ಒಂದು ಪುಸ್ತಕ ಇದೆ. 64 ಬೀಜ ಊರಿದ್ದು, 57 ಮೊಳೆತದ್ದು, ಎಂಟನೇ ದಿನ ಮೊದಲ ಮೊಳಕೆ ಕಂಡದ್ದು, ಎಲ್ಲ ಅದರಲ್ಲಿದೆ. ಈ ಸೋಮವಾರ ಸಂಜೆ ಬಳ್ಳಿಯಲ್ಲಿ 118 ಕಾಯಿ ಎಣಿಸಿದ್ದನಂತೆ. ಬುಧವಾರ ಬೆಳಿಗ್ಗೆ 71. ನಾನಾಗಿದ್ದರೆ ನನಗೆ ಗೊತ್ತೇ ಆಗುತ್ತಿರಲಿಲ್ಲ. ಬಳ್ಳಿ ತುಂಬಾ ಕಾಯಿ ಇದೆ ಅಂತ ಖುಷಿಪಟ್ಟು ಹೋಗುತ್ತಿದ್ದೆ.

ಇವತ್ತು ಊಟದ ಬಿಡುವಿನಲ್ಲಿ ಸಭೆ. ನಾನು ಕರೆದದ್ದಲ್ಲ, ಅವರೇ ಕರೆದದ್ದು. ಹೋಗುವಷ್ಟರಲ್ಲಿ ಬೀಗ ಬೆಂಚಿನ ಮೇಲೆ ಕೂತಿತ್ತು.

ಮುಂದಿನ ಶನಿವಾರ ತೋಟದ ದಿನ ಅಲ್ವಾ, ಅದರ ಚಿಂತೆ ಅವರಿಗೆ. ಬೆಳೆದದ್ದನ್ನೆಲ್ಲ ಬುಟ್ಟಿಗೆ ತುಂಬಿ ಸುತ್ತಮುತ್ತಲಿನ ಮನೆಗಳಿಗೆ ಹಂಚಬೇಕು. ಫೋಟೋ ತೆಗೆಯಬೇಕು. ಪೋಸ್ಟರಿನಲ್ಲಿ 'ಹತ್ತು ಕೆಜಿ ತರಕಾರಿ' ಅಂತ ಆಗಲೇ ಬರೆದಾಗಿದೆ. ಬಣ್ಣ ಹಾಕಿ, ಹೂವಿನ ಅಂಚು ಬರೆದು. ಈಗ ಹತ್ತು ಕೆಜಿ ಎಲ್ಲಿಂದ ತರುವುದು?

"ಮಿಸ್, ಇದು ಕಳ್ಳತನ ಅಲ್ವಾ?" ಅಂತ ಲೆಕ್ಕಿಗ ಶುರು ಮಾಡಿದ. ನಾನು ಬಾಯಿ ತೆರೆಯುವ ಮೊದಲೇ ಇನ್ನೊಬ್ಬ, "ರಾತ್ರಿ ಕಾವಲು ಕಾಯ್ತೀವಿ ಮಿಸ್. ಅದನ್ನೂ ಗಂಟೆಗೆ ಸೇರಿಸ್ಕೋತೀರಾ?"

ಗಂಟೆ! ಇದರ ಮೇಲೆ ನನಗೆ ಮೊದಲಿಂದಲೂ ಸಿಟ್ಟು. ಮಕ್ಕಳು ತಲಾ ವರ್ಷಕ್ಕೆ ಇಪ್ಪತ್ತು ಗಂಟೆ ಸಮಾಜಸೇವೆ ಮಾಡಬೇಕು, ಒಂದು ಹಾಳೆ, ನಾಲ್ಕು ಕಾಲಂ. ದಿನಾಂಕ, ಕೆಲಸ, ಎಷ್ಟು ಹೊತ್ತು, ಸಹಿ. ಮಣ್ಣು ಅಗೆದರೂ ಒಂದು ಗಂಟೆ, ಅಗೆಯುವವರ ಪಕ್ಕ ನಿಂತು ಹರಟಿದರೂ ಒಂದು ಗಂಟೆ. ಸಹಿ ಹಾಕುವವಳು ನಾನೇ. ಹಾಗಂತ ಆ ಹಾಳೆ ಇಲ್ಲದಿದ್ದರೆ ಇವರಲ್ಲಿ ಅರ್ಧ ಜನ ಮೊದಲ ದಿನ ಬರುತ್ತಲೇ ಇರಲಿಲ್ಲ, ಅದೂ ನಿಜ. ಲೆಕ್ಕಿಗನ ಇಪ್ಪತ್ತು ಗಂಟೆ ಆಗಸ್ಟಿನಲ್ಲೇ ಮುಗಿದಿದೆ. ಆಮೇಲೆ ಅವನು ಹಾಳೆ ತರುವುದನ್ನೇ ಬಿಟ್ಟ, ಬರುವುದನ್ನು ಬಿಡಲಿಲ್ಲ. ಅವನೇ ಇವತ್ತು ಬೀಗ ತಂದವನು. ಇದನ್ನು ಏನೆಂದು ಅರ್ಥ ಮಾಡಿಕೊಳ್ಳಲಿ?

ಸಭೆಯಲ್ಲಿ ಕನ್ನಡಕದ ಹುಡುಗಿ ಒಬ್ಬಳೇ ಸುಮ್ಮನೆ ಕೂತಿದ್ದಳು. ಅವಳು ಸುಮ್ಮನಿದ್ದರೆ ನನಗೆ ಸ್ವಲ್ಪ ಭಯ. ಎಲ್ಲರದ್ದೂ ಮುಗಿದ ಮೇಲೆ ಕೈ ಎತ್ತಿದಳು.

"ಶನಿವಾರ ಯಾರಿಗೆ ಹಂಚ್ತೀವಿ?"

"ಸುತ್ತಮುತ್ತ ಇರೋರಿಗೆ," ಅಂದ ಲೆಕ್ಕಿಗ.

"ಈಗ ಕಿತ್ಕೊಂಡು ಹೋಗ್ತಿರೋರು ಯಾರು?"

ಯಾರೂ ಮಾತಾಡಲಿಲ್ಲ.

"ಅವರೂ ಸುತ್ತಮುತ್ತ ಇರೋರೇ ತಾನೆ? ಕಾಯಿ ಅದೇ, ಜನ ಅವರೇ. ನಾವು ಕೊಟ್ರೆ ಸೇವೆ, ಅವರೇ ತಗೊಂಡ್ರೆ ಕಳ್ಳತನ. ಮಧ್ಯದಲ್ಲಿ ಇರೋದು ಬರೀ ಫೋಟೋ."

ಹದಿನಾಲ್ಕು ವರ್ಷದ ಹುಡುಗಿ. ನಾನು ಬೆಂಚಿನ ಮೇಲಿದ್ದ ಬೀಗ ನೋಡುತ್ತಾ ನಿಂತೆ.

ಲೆಕ್ಕಿಗನೂ ಬಿಡುವವನಲ್ಲ. "ಹಂಗಾದ್ರೆ ಒಬ್ಬರೇ ಎಲ್ಲಾ ಕಿತ್ಕೊಂಡು ಹೋದ್ರೆ? ಉಳಿದವರಿಗೆ ಏನು ಸಿಗುತ್ತೆ? ನಾವು ಹಂಚಿದ್ರೆ ಮನೆಗೆ ಇಷ್ಟು ಅಂತ ಸಮ ಆಗುತ್ತೆ." ಇದೂ ಸರಿಯಾದ ಮಾತೇ. ಅವಳಿಗೂ ತಕ್ಷಣ ಉತ್ತರ ಹೊಳೆಯಲಿಲ್ಲ, ನೋಡಿದೆ.

ಆಗ ಅವಳು ನನ್ನ ಮೇಲೆಯೇ ತಿರುಗಿಬಿದ್ದಳು. ಜುಲೈನಲ್ಲಿ ಶಾಲಾ ತೋಟಗಳ ಬಗ್ಗೆ ಒಂದು ಪೀರಿಯಡ್ ಮಾತಾಡಿದ್ದೆ. 1902ರಲ್ಲಿ ನ್ಯೂಯಾರ್ಕಿನ ಡಿವಿಟ್ ಕ್ಲಿಂಟನ್ ಪಾರ್ಕಿನಲ್ಲಿ ಫ್ಯಾನಿ ಪಾರ್ಸನ್ಸ್ ಎಂಬಾಕೆ ಮಕ್ಕಳಿಗಾಗಿ ತೋಟ ಶುರು ಮಾಡಿದ್ದು, ಆಕೆಗೆ ತರಕಾರಿಗಿಂತ ಮಕ್ಕಳು ಬೇರೆ ಏನು ಕಲಿಯುತ್ತಾರೆ ಅನ್ನುವುದೇ ಮುಖ್ಯವಾಗಿದ್ದದ್ದು. ಊರಿಗೆಲ್ಲ ಸೇರಿದ್ದನ್ನು ತನ್ನದೇ ಎಂಬಂತೆ ನೋಡಿಕೊಳ್ಳುವುದು ಅದರಲ್ಲಿ ಒಂದು. ನಾನು ಹೇಳಿ ಮರೆತಿದ್ದೆ. ಅವಳು ಮರೆತಿಲ್ಲ.

"ಎಲ್ಲರದ್ದನ್ನ ನಮ್ಮದು ಅಂತ ನೋಡ್ಕೋಬೇಕು ಅಂದ್ರಿ. ನೋಡ್ಕೋಳೋದು ಅಂದ್ರೆ ಬೀಗ ಹಾಕೋದಾ ಮಿಸ್?"

ಅದೇ ಪಾಠದಲ್ಲಿ ಇನ್ನೊಂದು ಹೇಳಿದ್ದೆ, ಮೊದಲ ಮಹಾಯುದ್ಧದ ಕಾಲದಲ್ಲಿ ಅಮೆರಿಕದಲ್ಲಿ ಮಕ್ಕಳಿಂದ ತರಕಾರಿ ಬೆಳೆಸಲು 'ಸ್ಕೂಲ್ ಗಾರ್ಡನ್ ಆರ್ಮಿ' ಅಂತಲೇ ಕಟ್ಟಿದ್ದರು ಅಂತ. ಹಿಂದಿನ ಬೆಂಚಿನಿಂದ ಒಬ್ಬ, "ಆರ್ಮಿ ಅಂದ್ಮೇಲೆ ಕಾವಲು ಇರಲೇಬೇಕು ಮಿಸ್!" ಅಂದ. ಎಲ್ಲರೂ ನಕ್ಕರು. ಗಂಟೆ ಹೊಡೆಯಿತು. ಬಚಾವಾದೆ ಅಂದುಕೊಂಡೆ. ಲೆಕ್ಕಿಗ ಬೀಗ ತಂದು ಕೈಗಿಟ್ಟ. "ನಾಳೆ ಬೆಳಿಗ್ಗೆ ಹಾಕೋಣ ಮಿಸ್." ಆಯ್ತು ಅಂದುಬಿಟ್ಟೆ. ಯಾಕೆ ಅಂದೆನೋ.

ನಡುವೆ ಒಂದು ಒಳ್ಳೆ ಸುದ್ದಿ, ಬರೆಯದಿದ್ದರೆ ಮರೆತುಹೋಗುತ್ತದೆ. ಕಾಂಪೋಸ್ಟ್ ರಾಶಿ ಕಾದಿದೆ! ಮೂರು ಪಾಲು ಒಣ ಎಲೆಗೆ ಒಂದು ಪಾಲು ಹಸಿ ಕಸ ಹಾಕಿ, ಆಗಾಗ ನೀರು ಚಿಮುಕಿಸಿ, ಮೇಲೆ ಗೋಣಿಚೀಲ ಮುಚ್ಚಿದ್ದೆವು. ಬೆಳಿಗ್ಗೆ ಒಳಗೆ ಥರ್ಮಾಮೀಟರ್ ಚುಚ್ಚಿದರೆ 58 ಡಿಗ್ರಿ. ಚೀಲ ಎತ್ತಿದಾಗ ಹಬೆ ಎದ್ದಿತು. ಆರನೇ ಕ್ಲಾಸಿನವರು ಕೈ ಹಾಕಿ ಕಿರುಚಿದ್ದೇ ಕಿರುಚಿದ್ದು. ಬೆಂಕಿ ಇಲ್ಲದೆ ಹೇಗೆ ಬಿಸಿಯಾಯಿತು ಅಂತ ಒಬ್ಬಳು ಕೇಳಿದಳು. ಕಣ್ಣಿಗೆ ಕಾಣದ ಕೋಟಿಗಟ್ಟಲೆ ಜೀವಿಗಳು ಒಳಗೆ ಕಸ ತಿನ್ನುತ್ತಿವೆ, ಅವುಗಳ ಮೈಶಾಖ ಇದು ಅಂದೆ. ಹೀಗೆಯೇ 55 ದಾಟಿ ಕೆಲವು ದಿನ ನಿಂತರೆ ಕಳೆಯ ಬೀಜವೂ ರೋಗದ ಬೀಜಾಣುವೂ ಬಹುಪಾಲು ಸಾಯುತ್ತವೆ. "ಅವಕ್ಕೂ ಗಂಟೆ ಬರೀತೀರಾ?" ಅಂತ ಅದೇ ಕಾವಲಿನ ಹುಡುಗ. ಇವನನ್ನು ಏನು ಮಾಡುವುದು.

ಸಂಜೆ ಎಲ್ಲರೂ ಹೋದ ಮೇಲೆ ನಲ್ಲಿ ನೋಡಿಕೊಂಡು ಹೋಗೋಣ ಅಂತ ತೋಟದ ಕಡೆ ತಿರುಗಿದೆ. ಬೆಳಕು ಇನ್ನೂ ಸ್ವಲ್ಪ ಇತ್ತು. ಮೂರನೇ ಮಡಿಯ ಚಪ್ಪರದ ಹಿಂದೆ ಒಬ್ಬರು ನಿಂತಿದ್ದರು. ನನ್ನ ಅಮ್ಮನ ವಯಸ್ಸಿರಬಹುದು. ಮೊಣಕೈಗೆ ಒಂದು ಬಟ್ಟೆಯ ಚೀಲ ನೇತುಹಾಕಿಕೊಂಡು, ಎರಡೂ ಕೈಯಿಂದ, ಬಹಳ ನಿಧಾನವಾಗಿ ಬೀನ್ಸ್ ಕೀಳುತ್ತಿದ್ದರು.

ಇಂಥ ಹೊತ್ತಿನಲ್ಲಿ ಏನು ಹೇಳಬೇಕು? ದಾರಿಯುದ್ದಕ್ಕೂ ಆಮೇಲೆ ಹತ್ತು ತರಹ ಮಾತು ಹೊಳೆಯಿತು. ಆಗ ಬಾಯಿಗೆ ಬಂದದ್ದು, "ಕಾಯಿ ಚೆನ್ನಾಗಿದೆಯಾ?"

ಅವರು ಬೆಚ್ಚಿಬೀಳಲಿಲ್ಲ. ತಿರುಗಿ ನೋಡಿ, "ಚೆನ್ನಾಗಿರೋದನ್ನ ಬಿಟ್ಟಿದ್ದೀನಿ. ಇವು ನೋಡಿ," ಅಂತ ಚೀಲ ಬಿಚ್ಚಿ ತೋರಿಸಿದರು. ಬಲಿತು ಉಬ್ಬಿದ ಕಾಯಿಗಳು. ಒಳಗಿನ ಬೀಜ ಹೊರಗಿನಿಂದಲೇ ಎಣಿಸುವಷ್ಟು ದಪ್ಪ. ಒಂದನ್ನು ಮುರಿದರು. ಮುರಿಯಲಿಲ್ಲ, ನಾರು ಹಿಡಿದುಕೊಂಡು ಜೋತುಬಿತ್ತು.

"ಮಕ್ಕಳು ಹದಿನೈದು ದಿನ ಈ ಕಡೆ ಬರಲೇ ಇಲ್ಲವಲ್ಲ ಟೀಚರ್."

ಪರೀಕ್ಷೆ ಇತ್ತು ಅಂದೆ. ತಪ್ಪು ಮಾಡಿದವಳು ನಾನು ಅನ್ನುವ ಹಾಗಿತ್ತು ನನ್ನ ದನಿ.

"ಬಳ್ಳಿಗೆ ಪರೀಕ್ಷೆ ಗೊತ್ತಾಗುತ್ತಾ? ಬಲಿತದ್ದು ಮೇಲೇ ಉಳಿದರೆ ಬಳ್ಳಿ ಹೂ ಬಿಡೋದು ನಿಲ್ಲಿಸುತ್ತೆ. ಬೀಜ ಆಯ್ತಲ್ಲ, ಇನ್ನೇನು ಕೆಲಸ ಅದಕ್ಕೆ? ಎರಡು ಮೂರು ದಿನಕ್ಕೊಂದು ಸಲ ಕೀಳ್ತಾ ಇರಬೇಕು. ಕಿತ್ತಷ್ಟೂ ಬಿಡುತ್ತೆ."

ಮೇಲೆ ನೋಡಿದೆ. ಚಪ್ಪರದ ತುದಿಯಲ್ಲಿ ಹೊಸ ಹೂವು, ಗೊಂಚಲು ಗೊಂಚಲು. ಹೂವು, ಕಾಯಿ, ಬೀಜ, ಇದನ್ನೇ ನಾನು ಎಷ್ಟು ವರ್ಷದಿಂದ ಬೋರ್ಡಿನ ಮೇಲೆ ಬಣ್ಣದ ಸೀಮೆಸುಣ್ಣದಲ್ಲಿ ಬರೆಯುತ್ತಿಲ್ಲ! ಬೀಜ ಮಾಡುವುದೇ ಗಿಡದ ಗುರಿ ಅಂತ ನೋಟ್ಸ್ ಕೂಡ ಕೊಟ್ಟಿದ್ದೇನೆ. ಹತ್ತು ಕೆಜಿ ಅಂತ ಪೋಸ್ಟರ್ ಬರೆದು, ತೋಟದ ದಿನಕ್ಕೆ ಇರಲಿ ಅಂತ ಕಾಯಿ ಬಳ್ಳಿಯಲ್ಲೇ ಉಳಿಸಿಕೊಂಡರೆ ಬಳ್ಳಿಗೆ ಏನಾಗುತ್ತದೆ ಅಂತ ಯೋಚಿಸಲೇ ಇಲ್ಲ. ಲೆಕ್ಕಿಗ ಎಣಿಸಿದ 118ರಲ್ಲಿ ತಿನ್ನುವಂಥದ್ದು ಎಷ್ಟಿತ್ತೋ.

ಅವರು ನಿಲ್ಲಿಸಲಿಲ್ಲ. ಮಕ್ಕಳು ಎಲೆ ಮೇಲೆ ನೀರು ಹೊಯ್ಯುತ್ತಾರೆ, ಬುಡಕ್ಕೆ ಹೊಯ್ಯಬೇಕು. ಎಲೆ ಒದ್ದೆ ಇದ್ದಾಗ ಬಳ್ಳಿ ಮುಟ್ಟಬಾರದು, ಒಂದರ ರೋಗ ಇನ್ನೊಂದಕ್ಕೆ ಕೈಯಿಂದಲೇ ಹೋಗುತ್ತದೆ. ಆ ಮೂಲೆ ಮಡಿಯಲ್ಲಿ ನೀರು ನಿಲ್ಲುತ್ತಿದೆ. ಜಾರಿಬಿದ್ದ ಎರಡು ಬಳ್ಳಿ ಕಟ್ಟಿದ್ದು ತಾವೇ. ನಾನು ಹೂಂ ಹೂಂ ಅನ್ನುತ್ತಾ ನಿಂತಿದ್ದೆ, ಹೋಂವರ್ಕ್ ಮಾಡದೆ ಬಂದ ಹುಡುಗಿಯ ಹಾಗೆ.

ಆಗ ಚೀಲ ವಾಲಿತು. ಬಲಿತ ಕಾಯಿಗಳು ಒಂದು ಕಡೆ ಸರಿದವು. ತಳದಲ್ಲಿ ಎಳೆಯವೂ ಇದ್ದವು. ಒಂದು ಬೊಗಸೆಗಿಂತ ಸ್ವಲ್ಪ ಜಾಸ್ತಿಯೇ.

ನಾನು ನೋಡಿದ್ದನ್ನು ಅವರೂ ನೋಡಿದರು. ಇಬ್ಬರೂ ಆ ಮಾತೆತ್ತಲಿಲ್ಲ.

ಸ್ವಲ್ಪ ಹೊತ್ತಿನ ಮೇಲೆ ಅವರೇ ಗೇಟಿನ ಕಡೆ ಗಲ್ಲ ತಿರುಗಿಸಿ ಹೇಳಿದರು. "ಎಲ್ಲರ ತೋಟ ಅಂತ ಬರೆದಿದ್ದೀರಲ್ಲ. ಬೋರ್ಡು ಹಾಕಿದ ದಿನವೇ ಓದಿದೆ. ಬರೆದ ಮೇಲೆ ಹಾಗೇ ಇರಬೇಕು ಅಂದುಕೊಂಡೆ."

ಆ ಬೋರ್ಡು ಬರೆದದ್ದು ಕನ್ನಡಕದ ಹುಡುಗಿ. 'ಎಲ್ಲರ' ಅನ್ನುವಲ್ಲಿ ಒತ್ತಕ್ಷರ ಸಣ್ಣದಾಯಿತು ಅಂತ ಲೆಕ್ಕಿಗ ತಕರಾರು ತೆಗೆದು ಎರಡು ಸಲ ಅಳಿಸಿ ಬರೆಸಿದ್ದ. ಎಷ್ಟು ಜಗಳ ಆಡಿದ್ದರು ಆ ಒಂದು ಪದಕ್ಕೆ.

ನಾಳೆ ಬೆಳಿಗ್ಗೆ ಮಕ್ಕಳು ಬರುತ್ತಾರೆ, ನೀವೂ ಬಂದು ಇದನ್ನೆಲ್ಲ ಅವರಿಗೇ ಹೇಳಿಕೊಡುತ್ತೀರಾ ಅಂತ ಕೇಳಿದೆ. ಕೇಳುತ್ತಲೇ ನನಗೆ ಸಮಾಧಾನ ಆಗತೊಡಗಿತ್ತು. ಆಹಾ, ಎಲ್ಲ ಸರಿಹೋಯಿತು, ಇವರು ಬರುತ್ತಾರೆ, ಮಕ್ಕಳು ಕಲಿಯುತ್ತಾರೆ, ಬೀಗ ಬೇಡ ಅನ್ನುತ್ತಾರೆ.

"ಶನಿವಾರ ನನಗೆ ಕೆಲಸ ಇದೆ," ಅಂದರು.

"ಭಾನುವಾರ?"

"ಭಾನುವಾರವೂ ಇದೆ."

ಅಷ್ಟೇ. ಚೀಲದ ಬಾಯಿ ಗಂಟು ಹಾಕಿ, ಗೇಟು ಎಳೆದು ಚಿಲಕ ಸಿಕ್ಕಿಸಿ ಹೋದರು. ಚಿಲಕ ಹಾಕಿದ್ದನ್ನು ಮಾತ್ರ ಗಮನಿಸಿದೆ. ನಮ್ಮ ಮಕ್ಕಳು ಯಾವತ್ತೂ ಹಾಕುವುದಿಲ್ಲ. ಹೆಸರು ಕೇಳಲಿಲ್ಲ. ಯಾವ ಮನೆ ಅಂತಲೂ ಕೇಳಲಿಲ್ಲ. ಬ್ಯಾಗಿನಲ್ಲಿ ಬೀಗ ಇಟ್ಟುಕೊಂಡು ಯಾವ ಮುಖದಲ್ಲಿ ಕೇಳುವುದು?

ಈಗ ಲೆಕ್ಕಿಗನಿಗೆ ಏನು ಹೇಳಲಿ? ಕಳ್ಳತನ ಅಲ್ಲ ಕಣೋ, ಕಾಯಿ ಬಿಡಿಸಿ ಉಪಕಾರ ಮಾಡಿದ್ದಾರೆ ಅಂದರೆ ಅವನು ಕೇಳುವ ಮೊದಲ ಪ್ರಶ್ನೆ ನನಗೆ ಗೊತ್ತು. "ಎಳೆಯದು ಎಷ್ಟು ತಗೊಂಡ್ರು ಮಿಸ್?" ಸುಳ್ಳು ಹೇಳಲು ಬರುವುದಿಲ್ಲ. ನಿಜ ಹೇಳಿದರೆ ನಾಳೆಯೇ ಬೀಗ ಬೀಳುತ್ತದೆ. ಕನ್ನಡಕದ ಹುಡುಗಿಗೆ ಹೇಳಿದರೆ ಅವಳು ಎಳೆಯದ್ದರ ಲೆಕ್ಕವನ್ನೇ ಕೇಳುವುದಿಲ್ಲ. ಅದೂ ಸರಿಯಲ್ಲ ಅನ್ನಿಸುತ್ತದೆ. ಬರೀ ಬಲಿತದ್ದನ್ನೇ ತೆಗೆದುಕೊಂಡಿದ್ದರೆ ನನಗೆ ಎಷ್ಟು ಸುಲಭವಾಗುತ್ತಿತ್ತು! ಆದರೆ ಅವರು ಯಾಕೆ ನನಗೆ ಸುಲಭ ಮಾಡಿಕೊಡಬೇಕು? ದಿನಾ ಬಂದು ಬಳ್ಳಿ ನೋಡುವವರಿಗೆ ಒಂದು ಬೊಗಸೆ ಎಳೆ ಕಾಯಿ ಬೇಡವಾ? ನಾರು ಕಾಯಿಯನ್ನೇ ತಿನ್ನಬೇಕು ಅಂತ ಯಾರು ಹೇಳಿದ್ದು?

ಒಂದಂತೂ ಗಟ್ಟಿ. ನಾಳೆ ಬಂದ ತಕ್ಷಣ ಬಳ್ಳಿಯಲ್ಲಿ ಉಳಿದ ಬಲಿತ ಕಾಯಿ ಪೂರ್ತಿ ಕೀಳಿಸಬೇಕು. ಬೀಜಕ್ಕೆ ಅಂತ ಒಂದು ಬಳ್ಳಿ ಬಿಟ್ಟರೆ ಸಾಕು, ಅದಕ್ಕೆ ಕೆಂಪು ದಾರ ಕಟ್ಟಬೇಕು. ಪೋಸ್ಟರಿನಲ್ಲಿ 'ಹತ್ತು ಕೆಜಿ' ಅಳಿಸಬೇಕು. ಅಳಿಸಿ ಏನು ಬರೆಯುವುದು ಅಂತ ಅವರೇ ಜಗಳ ಆಡಲಿ.

ಅಯ್ಯೋ, ಆ ನಲ್ಲಿ! ಹೋಗಿದ್ದೇ ಅದಕ್ಕೆ. ಸರಿಯಾಗಿ ನೋಡಲೇ ಇಲ್ಲ. ಬರುವಾಗ ಕೆಳಗೆ ಒಂದು ಬಕೆಟ್ ಇಟ್ಟು ಬಂದೆ, ಇಷ್ಟು ಹೊತ್ತಿಗೆ ಅದು ತುಂಬಿ, ಮೂಲೆ ಮಡಿಗೆ ಹರಿದು