ಕತ್ತಿಗೂ ಮಿತಿಯುಂಟು

ಇಂದು ಮಂಗಳೂರಿನ ಬಲ್ಮಠದ ಕ್ರೈಸ್ತ ದೇವಾಲಯದಲ್ಲಿ, ಬೈಬಲಿನಲ್ಲಿರುವ, ಅಪೊಸ್ತಲ ಪೌಲನು ರೋಮಾಪುರದವರಿಗೆ ಬರೆದ ಪತ್ರದ 13ನೆಯ ಅಧ್ಯಾಯವನ್ನು ಓದಿದರು; ಅಧಿಕಾರಿಯು ಸುಮ್ಮನೆ ಕತ್ತಿ ಹಿಡಿದಿಲ್ಲ ಎನ್ನುವ 4ನೆಯ ವಚನದಲ್ಲಿಯೇ ನನ್ನ ಮನಸ್ಸು ನಿಂತುಬಿಟ್ಟಿತು.

ಸರಕಾರಕ್ಕೆ ತಲೆಬಾಗಿರಿ ಎನ್ನಲು ಈ ಮಾತನ್ನು ಎತ್ತಿಕೊಳ್ಳುವವರು (ನಮ್ಮಲ್ಲಿ ಅಂಥವರಿಗೆ ಕೊರತೆಯಿಲ್ಲ) ಅದಕ್ಕೆ ತಾಗಿಕೊಂಡೇ ಇರುವ 12ನೆಯ ಅಧ್ಯಾಯದ ಕೊನೆಯನ್ನು, ಅಂದರೆ ಮುಯ್ಯಿ ತೀರಿಸಬೇಡಿರಿ, ಹಸಿದ ವೈರಿಗೆ ಊಟ ಕೊಡಿರಿ ಎಂಬುದನ್ನು, ಜೊತೆಗೆ ಏಕೆ ಓದುವುದಿಲ್ಲ? ಅಧ್ಯಾಯಗಳ ವಿಭಜನೆಯು ಪೌಲನದ್ದಲ್ಲ, ಎಷ್ಟೋ ಶತಮಾನಗಳ ನಂತರದ್ದು.

ಅಲ್ಲಿಯ ಕತ್ತಿಯು ಕೆಟ್ಟದ್ದನ್ನು ಮಾಡುವವನಿಗೆ ಮಾತ್ರ. ತಪ್ಪಿಲ್ಲದವನ ಮೇಲೆ ಬೀಸಿದ ಲಾಠಿಗೆ ಆ ವಚನದ ಆಸರೆಯಿದೆಯೆಂದು ನನಗನ್ನಿಸುವುದಿಲ್ಲ. ಮನುಷ್ಯರಿಗಿಂತ ದೇವರಿಗೆ ವಿಧೇಯರಾಗಬೇಕೆಂದು ಯೇಸುವಿನ ಶಿಷ್ಯನಾದ ಪೇತ್ರನು ಹೇಳಿದ್ದು, ಬೋಧಿಸಬೇಡವೆಂದ ಯೆಹೂದ್ಯರ ನ್ಯಾಯಸಭೆಯ ಎದುರಿನಲ್ಲಿಯೇ. ಆ ದಿನ ಅವನು ಏಟು ತಿಂದನು, ತಿರುಗಿ ಕೈ ಎತ್ತಲಿಲ್ಲ, ಬೋಧಿಸುವುದನ್ನು ನಿಲ್ಲಿಸಲೂ ಇಲ್ಲ.